ತೇಪೆಯ ಮೇಲೆ ಕೂತ ಹಕ್ಕಿಗಳು

ಗಂಡ ಸತ್ತಾಗ ಅವಳು ಅಳಲಿಲ್ಲ ಎನ್ನುವುದೇ ಬೀದಿಗೆಲ್ಲ ದೊಡ್ಡ ಸುದ್ದಿಯಾಗಿತ್ತು. ಕಂಬಳಿ ಕಾರ್ಖಾನೆಯ ಉಗಿ ಪೈಪು ಒಡೆದು ಒಬ್ಬ ಮನುಷ್ಯ ಬೆಂದುಹೋದದ್ದು ಸುದ್ದಿಯಲ್ಲ, ಅವನ ಹೆಂಡತಿಯ ಕಣ್ಣು ಒಣಗಿದ್ದದ್ದು ಸುದ್ದಿ. ಕಣ್ಣೀರನ್ನು ಅಳತೆ ಮಾಡುವುದರಲ್ಲಿ ನಮ್ಮ ಜನರದ್ದು ಎತ್ತಿದ ಕೈ. ಪೈಪು ಯಾಕೆ ಒಡೆಯಿತು ಎಂದು ಕೇಳುವ ಹೊತ್ತಿಗೆ ಮಾತ್ರ ಎಲ್ಲರ ಬಾಯಿಗೂ ಬೀಗ.

ಕಾರ್ಖಾನೆಯಲ್ಲಿ ಅವಳನ್ನು ಡಿಸೈನಮ್ಮ ಎಂದು ಕರೆಯುತ್ತಿದ್ದರು. ಕಂಬಳಿಯ ಮೇಲಿನ ಹೂವು, ಎಲೆ, ಹಕ್ಕಿ ಎಲ್ಲ ಅವಳ ಕೈಯವೇ. ಗೇಣಗಲದ ಒಂದು ಚೌಕದೊಳಗೆ ಚಿತ್ರ ಬರೆಯಬೇಕು. ಎಡ ಅಂಚಿನಲ್ಲಿ ತುಂಡಾದ ಬಾಲ ಬಲ ಅಂಚಿನಲ್ಲಿ ಮುಂದುವರಿಯಬೇಕು. ಯಂತ್ರ ಅದೇ ಚೌಕವನ್ನು ಉದ್ದಕ್ಕೂ ಅಗಲಕ್ಕೂ ಒತ್ತುತ್ತಾ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಗಿಳಿಗೆ ಕೊಕ್ಕು ಬರೆಯಲು ಮರೆತಿದ್ದಳು. ಆ ಚಳಿಗಾಲವೆಲ್ಲ ಜನ ಕೊಕ್ಕಿಲ್ಲದ ಗಿಳಿಗಳನ್ನು ಹೊದ್ದು ಮಲಗಿದರು. ಗಂಡ ಅದನ್ನು ಹೇಳಿ ಹೇಳಿ ನಗುತ್ತಿದ್ದ: "ಸದ್ಯ, ಮಲಗಿದ ಮೇಲೆ ಕಿರುಚಿ ಎಬ್ಬಿಸಲ್ಲ."

ಅವನು ಅದೇ ಕಾರ್ಖಾನೆಯ ಬಾಯ್ಲರಿನವನು. ಅವನ ಸಾವಿಗೆ ಕಾರಣ ಹೇಳಿದವರು ಮ್ಯಾನೇಜರು. ಆ ಮಹಾನುಭಾವರು ರಜೆ ಕೇಳಿದರೂ ಕೈಗವಸು ಕೇಳಿದರೂ "ನೋಡೋಣ" ಎನ್ನುವವರು. ಹಾಗಾಗಿ ಬೆನ್ನ ಹಿಂದೆ ಎಲ್ಲರಿಗೂ ಅವರು ನೋಡೋಣಪ್ಪ. ಅವತ್ತೊಂದು ದಿನ ಮಾತ್ರ ಅವರು ನೋಡೋಣ ಎನ್ನಲಿಲ್ಲ. ಹೆಣ ಎತ್ತುವ ಮೊದಲೇ ತೀರ್ಪು ಕೊಟ್ಟುಬಿಟ್ಟರು: ನಿದ್ದೆ ಮಾಡಿದ್ದಾನೆ, ಉಗಿ ಬಿಡುವ ಕವಾಟ ತೆರೆಯಲು ಮರೆತಿದ್ದಾನೆ.

ಅವಳು ಅದನ್ನು ನಂಬಿದಳು. ನಂಬಲು ಅವಳಿಗೆ ಕಾರಣವಿತ್ತು. ಹಿಂದಿನ ರಾತ್ರಿ ಅವಳಿಗೆ ಮೈ ಸುಡುವ ಜ್ವರ. ಅವನು ರೆಪ್ಪೆ ಮುಚ್ಚದೆ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದ. ಹಾಗೆ ಕೂತವನು ಕೆಲಸದಲ್ಲಿ ತೂಕಡಿಸದೆ ಇನ್ನೇನು ಮಾಡುತ್ತಾನೆ? ಈ ಲೆಕ್ಕ ಅವಳೊಳಗೆ ಕಲ್ಲಿನಂತೆ ಕೂತುಬಿಟ್ಟಿತು. ಅದರ ಪಕ್ಕದಲ್ಲಿ ಅಳುವಿಗಾಗಲಿ ಸಿಟ್ಟಿಗಾಗಲಿ ಜಾಗವೇ ಉಳಿಯಲಿಲ್ಲ.

ಅಂದಿನಿಂದ ಗೆರೆ ಏಳಲಿಲ್ಲ. ಪೆನ್ಸಿಲು ಓಡುತ್ತಿತ್ತು, ಹಕ್ಕಿ ಹುಟ್ಟುತ್ತಿರಲಿಲ್ಲ. ಚಳಿಗಾಲದ ಹೊಸ ಡಿಸೈನು ಕೊಟ್ಟರೆ ಸರಿ, ಇಲ್ಲವಾದರೆ ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕಾಗುತ್ತದೆ ಎಂದು ಧಣಿಗಳು ಹೇಳಿ ಕಳಿಸಿದ್ದರು. ಅದನ್ನು ಕಾರ್ಖಾನೆಯವರು ಕರುಣೆ ಎಂದು ಕರೆದರು. ಡಿಸೈನ್ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದು ಬಾಯ್ಲರ್ ಮನೆಯ ಕಡೆಗೆ. ಅದರ ಗಾಜಿಗೆ ಅವಳು ಕಂದು ಕಾಗದ ಅಂಟಿಸಿದ್ದಳು.

ಚಳಿ ಬಿಗಿಯಾದ ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಕಾಗದ ನೆಲದ ಮೇಲೆ ಬಿದ್ದಿತ್ತು. ಅಂಟು ಒಣಗಿ ಬಿಟ್ಟಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತಳು. ಬಾಯ್ಲರ್ ಮನೆಯಿಂದ ಬಣ್ಣದ ಷೆಡ್ಡಿಗೆ ಹೋಗುವ ಪೈಪಿನ ಮೇಲೆ ಬೂದು ಬಣ್ಣದ ಚಿಕ್ಕ ಹಕ್ಕಿಗಳು ಒಂದೇ ಕಡೆ ಒತ್ತೊತ್ತಾಗಿ ಕೂತಿದ್ದವು. ಪುಕ್ಕ ಉಬ್ಬಿಸಿ, ಕುತ್ತಿಗೆ ಒಳಗೆಳೆದು, ಒಂದು ಕಾಲು ಹೊಟ್ಟೆಯೊಳಗೆ ಮಡಚಿ. ಒಂದೂ ಅಲುಗುತ್ತಿರಲಿಲ್ಲ. ಸತ್ತಿವೆಯೇ ಅಂದುಕೊಂಡಳು. ಅಷ್ಟರಲ್ಲಿ ಒಂದು ಕಣ್ಣು ಬಿಟ್ಟಿತು, ಮುಚ್ಚಿತು. ಅವು ಚಳಿಯನ್ನು ದಾಟುವ ಕೆಲಸದಲ್ಲಿದ್ದವು, ಅಷ್ಟೇ. ಅದಕ್ಕೆ ಹಾಡು ಬೇಕಿರಲಿಲ್ಲ, ಹಾರಾಟವೂ ಬೇಕಿರಲಿಲ್ಲ.

ಇಷ್ಟು ವರ್ಷ ಅವಳು ಬರೆದದ್ದೆಲ್ಲ ರೆಕ್ಕೆ ಬಿಚ್ಚಿದ ಹಕ್ಕಿಗಳನ್ನೇ. ಈಗ ಪೆನ್ಸಿಲು ಹಿಡಿದಳು. ಸಂತೋಷವೇನೂ ಆಗಲಿಲ್ಲ. ಎದುರಿಗಿದ್ದದ್ದನ್ನು ಇದ್ದ ಹಾಗೆ ಬರೆದಳು. ಉಬ್ಬಿದ ಎದೆ, ಮುಳುಗಿದ ಕೊಕ್ಕು, ಪೈಪು, ಪೈಪನ್ನು ಅಪ್ಪಿ ಹಿಡಿದ ಕಬ್ಬಿಣದ ಪಟ್ಟೆ, ಅದರ ಬೋಲ್ಟುಗಳು. ಮರುದಿನವೂ ಬರೆದಳು, ಆ ವಾರವೆಲ್ಲ ಬರೆದಳು. ಬಿದ್ದ ಕಾಗದವನ್ನು ಮತ್ತೆ ಅಂಟಿಸಲಿಲ್ಲ.

ಮನೆಯಲ್ಲಿ ಅವಳ ಜೊತೆಗಿದ್ದವಳು ಗಂಡನ ಅಕ್ಕ, ಎಲ್ಲರ ಪಾಲಿಗೂ ದೊಡ್ಡಕ್ಕ. ತಮ್ಮ ಸತ್ತಾಗ ಇಬ್ಬರ ಪಾಲಿನ ಅಳುವನ್ನೂ ತಾನೇ ಅತ್ತವಳು. ನಾಲಿಗೆ ಮಾತ್ರ ಹರಿತ. ಚಿತ್ರ ನೋಡಿ, "ಇದೇನೇ, ಹಕ್ಕಿನೋ ಉಣ್ಣೆ ಉಂಡೆನೋ?" ಎಂದಳು. ಆಮೇಲೆ ಬೆಳಕಿಗೆ ಹಿಡಿದು ಇನ್ನೂ ಸ್ವಲ್ಪ ಹೊತ್ತು ನೋಡಿ, "ಎಲ್ಲಾ ನಿನ್ನ ಹಾಗೇ ಕೂತಿದಾವೆ. ಏಳು, ಊಟ ಮಾಡು" ಎಂದಳು.

ಧಣಿಗಳಿಗೆ ಡಿಸೈನು ಹಿಡಿಸಿತು. ಮುದ್ದಾಗಿದೆಯಂತೆ. ಮಾದರಿಗೆಂದು ಒಂದು ಕಂಬಳಿ ಒತ್ತಿಸಿ ಉದ್ದ ಮೇಜಿನ ಮೇಲೆ ಹಾಸಿದರು. ನೋಡಲು ಬಂದ ನೋಡೋಣಪ್ಪನವರ ಮುಖ ಬಿಳಿಚಿತು. ಚೌಕದಲ್ಲಿ ಒಮ್ಮೆ ಬರೆದ ಕಬ್ಬಿಣದ ಪಟ್ಟೆ ಕಂಬಳಿಯ ಈ ತುದಿಯಿಂದ ಆ ತುದಿಯವರೆಗೆ ಗೇಣಿಗೊಂದರಂತೆ ಬಿದ್ದಿತ್ತು. ಅವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ಪೈಪ್ ಯಾಕಮ್ಮ? ಕೊಂಬೆ ಬರಿ. ಜನಕ್ಕೆ ಕೊಂಬೆ ಇಷ್ಟ."

"ಅವು ಕೊಂಬೆ ಮೇಲೆ ಕೂತಿರಲಿಲ್ಲ ಸಾರ್."

"ಸರಿ, ಪೈಪ್ ಇರ್ಲಿ. ಆ ತೇಪೆ ತೆಗೆದುಬಿಡು. ಮೊದಲಿಂದ್ಲೂ ತೇಪೆ ಮೇಲೇ ಓಡಿಸ್ತಿದ್ರು ಅಂತ ಯಾರಾದ್ರೂ ಎತ್ತಿ ಆಡಿದ್ರೆ? ಸುಮ್ನೆ ಯಾಕೆ ಬೇಕು."

ಅವಳು ತಲೆಯೆತ್ತಿದಳು. ಪೈಪು ಒಡೆದ ಮೇಲೆ ಹಾಕಿದ ತೇಪೆ ಅದು ಎಂದೇ ಅವಳು ತಿಳಿದಿದ್ದಳು.

"ಮೊದಲೂ ಇತ್ತಾ ಸಾರ್? ಅವರು ಇದ್ದಾಗ್ಲೂ?"

ನೋಡೋಣಪ್ಪನವರು ಕಂಬಳಿಯ ಅಂಚನ್ನು ಮಡಚಿದರು, ಬಿಡಿಸಿದರು. "ನೋಡೋಣ" ಎಂದರು.

ಎದೆಯೊಳಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಕೈ ಬೆರಳುಗಳಂತೆ ಒಳಗೂ ಮರಗಟ್ಟಿತ್ತು. ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು. ಕಿಟಕಿಯಲ್ಲಿ ದಿನವೂ ಕಂಡದ್ದು ಅದೇ: ಹೊದಿಕೆ ಸುತ್ತಿದ ಅಷ್ಟುದ್ದದ ಪೈಪೆಲ್ಲ ಖಾಲಿ, ಹಕ್ಕಿಗಳೆಲ್ಲ ತೇಪೆಯ ಮೇಲೆ. ಅಲ್ಲಿ ಬೆಚ್ಚಗಿದೆ. ಬೆಚ್ಚಗಿದೆ ಎಂದರೆ ಉಗಿ ಸೋರುತ್ತಿದೆ. ವಾರವೆಲ್ಲ ಕೂತು ತಾನು ಬರೆದದ್ದು ಆ ಸೋರಿಕೆಯನ್ನೇ. ಕೆಳಗೆ ಇವತ್ತು ಇನ್ನೊಬ್ಬ ಮನುಷ್ಯ ನಿಂತಿದ್ದಾನೆ.

ಅವಳು ಮೆಟ್ಟಿಲಿಳಿದು ಬಾಯ್ಲರ್ ಮನೆಗೆ ಹೋದಳು. ಸಾವಿನ ನಂತರ ಆ ಹೊಸಲು ದಾಟಿದ್ದು ಇದೇ ಮೊದಲು. ಗಂಡನ ಜೊತೆ ಪಾಳಿ ಹಂಚಿಕೊಳ್ಳುತ್ತಿದ್ದ ಮಫ್ಲರಣ್ಣ ಒಲೆಯ ಮುಂದಿದ್ದ. ಬೆಂಕಿಯೆದುರೂ ಕುತ್ತಿಗೆಯ ಮಫ್ಲರು ಬಿಚ್ಚದ ಆಸಾಮಿ. ಅವಳು ಚಿತ್ರ ತೋರಿಸಿ, ಹಕ್ಕಿಗಳು ಎಲ್ಲಿ ಕೂರುತ್ತವೆ, ಎಲ್ಲಿ ಕೂರುವುದಿಲ್ಲ ಎಂದು ಹೇಳಿದಳು. ಅವನು ಹೊರಗೆ ಹೋಗಿ ಮೇಲೆ ನೋಡಿ ಬಂದ. ಬಂದವನು ಸ್ಟೂಲು ಎಳೆದು ಕೂತ.

"ಒಲೆ ಆರಿಸಿದ್ರೆ ನನ್ನ ಕೆಲಸ ಹೋಗುತ್ತೆ ಡಿಸೈನಮ್ಮ."

ಅವಳು ಚಿತ್ರವನ್ನು ಹಿಡಿದೇ ನಿಂತಿದ್ದಳು. ಅವನು ಅವಳನ್ನು ನೋಡದೆ, ಒಲೆಗೆ ಹೇಳುವವನ ಹಾಗೆ ಹೇಳಿದ: "ಅವನು ಅವತ್ತು ಏಣಿ ಮೇಲಿದ್ದ ಕಣಮ್ಮ. ಬೋಲ್ಟ್ ಬಿಗಿ ಮಾಡ್ತಾ. ನಿದ್ದೆ ಮಾಡೋನು ಏಣಿ ಹತ್ತುತಾನಾ?"

ಈ ಮಾತು ಇಷ್ಟು ದಿನ ಯಾರ ಜೇಬಿನಲ್ಲಿತ್ತು? ಏಣಿಯನ್ನು ಪಕ್ಕಕ್ಕೆ ಸರಿಸಿದವನಿಗೆ ಗೊತ್ತಿತ್ತು, ಹೆಣಕ್ಕೆ ಕೈ ಕೊಟ್ಟವರಿಗೆ ಗೊತ್ತಿತ್ತು. ಅವಳು ಅಳಲಿಲ್ಲವೆಂದು ಗೊಣಗಿದವರಲ್ಲಿ ಅರ್ಧ ಜನ ಅವರೇ. ಮಫ್ಲರಣ್ಣ ಎದ್ದು ಒಲೆಯ ಬೆಂಕಿಯನ್ನು ಎಳೆದು ಹಾಕಿ ಆರಿಸಿದ. ಬಣ್ಣದ ಷೆಡ್ಡು ನಿಂತಿತು, ಅದರ ಹಿಂದೆ ಒಂದೊಂದಾಗಿ ಎಲ್ಲ ಯಂತ್ರಗಳೂ ನಿಂತವು.

ವರ್ಷಗಟ್ಟಲೆ ಸಿಗದಿದ್ದ ಹೊಸ ಪೈಪು ಆ ವಾರವೇ ಸಿಕ್ಕಿತು. ಧಣಿಗಳಿಗೆ ಒಂದು ದಿನ ಯಂತ್ರ ನಿಂತರೆ ಆಗುವ ಸಂಕಟ ಒಬ್ಬ ಮನುಷ್ಯ ಸತ್ತರೆ ಆಗುವುದಿಲ್ಲ. ಮಫ್ಲರಣ್ಣನನ್ನು ಬೈದರು, ಆದರೆ ಕೆಲಸ ಬಿಡಿಸಲಿಲ್ಲ. ಆ ಬೆಂಕಿಯ ಮುಂದೆ ನಿಲ್ಲಲು ಬೇರೆ ಯಾರೂ ಬರಲಿಲ್ಲ. ಅವಳನ್ನು ಪ್ಯಾಕಿಂಗಿಗೆ ಹಾಕಿದರು. ಹೊರಗಿನವರೊಬ್ಬರು ಅವಳ ಹಕ್ಕಿಗಳನ್ನು ಕೊಂಬೆಗೆ ಕೂರಿಸಿ, ಕೊಂಬೆಗೆ ಹೂವು ಅಂಟಿಸಿದರು. ಅದನ್ನೇ ಅವಳು ದಿನವಿಡೀ ಮಡಚಿದಳು. ಹೊಸ ಪೈಪಿಗೆ ದಪ್ಪಗೆ ಹೊದಿಕೆ ಸುತ್ತಿದ್ದರು, ಮೇಲೆ ಬಿಸಿಯಿರಲಿಲ್ಲ. ಹಕ್ಕಿಗಳು ಜಾಗ ಬಿಟ್ಟವು.

ಭಾನುವಾರ ಅವಳು ಮನೆಯ ಹಿಂದಿನ ಬಯಲಿಗೆ ಹೋಗಿ ಕೂತಳು. ಎಲೆಯುದುರಿದ ಮುಳ್ಳುಪೊದೆಯೊಳಗೆ ಒಂದೆರಡು ಹಕ್ಕಿ ಒಣ ಬೀಜ ಹೆಕ್ಕುತ್ತಿದ್ದವು. ಯಾರೂ ಕೇಳದಿದ್ದರೂ ಬರೆಯತೊಡಗಿದಳು. ಹಿಂದೆಯೇ ಬಂದ ದೊಡ್ಡಕ್ಕ, ಈ ಚಳಿಯಲ್ಲಿ ನಿನಗೇನು ಬಂತು ಎಂದು ಗೊಣಗುತ್ತಾ ಪಕ್ಕದ ಕಲ್ಲಿನ ಮೇಲೆ ಕೂತಳು. ಆಗ ಅವಳು ಏಣಿಯ ವಿಷಯ ಹೇಳಿದಳು.

ದೊಡ್ಡಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಹಾಗಾದ್ರೆ ನಿನ್ನ ಜ್ವರದಿಂದಲ್ಲ" ಎಂದಳು.

ದೊಡ್ಡಕ್ಕನೂ ಅದನ್ನೇ ಅಂದುಕೊಂಡಿದ್ದಳು. ದಿನವೂ ಏಳು, ಊಟ ಮಾಡು ಎನ್ನುತ್ತಲೇ, ಒಂದು ದಿನವೂ ಬಾಯಿಬಿಟ್ಟು ಹೇಳದೆ, ಅದನ್ನೇ ಅಂದುಕೊಂಡಿದ್ದಳು.

"ಅಲ್ಲ" ಎಂದಳು ಅವಳು.

ದೊಡ್ಡಕ್ಕ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಇವಳಿಗೆ ಈಗಲೂ ಅಳು ಬರಲಿಲ್ಲ. ಎಡಗೈಯನ್ನು ಆ ಭುಜದ ಮೇಲಿಟ್ಟಳು. ಪೊದೆಯೊಳಗಿನ ಹಕ್ಕಿ ಅಷ್ಟರಲ್ಲಿ ಬೇರೆ ಕಡ್ಡಿಗೆ ಹೋಗಿತ್ತು. ಬರೆದಿದ್ದ ಕತ್ತನ್ನು ಅಳಿಸಿ, ಮತ್ತೆ ಬರೆದಳು.