ಹೊಗೆಸೊಪ್ಪಿಗೆ ಬಿದ್ದ ಇಯರ್‌ಬಡ್

ನನ್ನ ಕಿವಿ ಸರಿ ಇಲ್ಲ ಎಂದು ನನಗೆ ಮೊದಲು ಹೇಳಿದವನು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಬ್ಬ ಮೊಬೈಲ್ ಅಂಗಡಿಯವನು. ಅಲ್ಲಿಯವರೆಗೆ ಮೂವತ್ತು ವರ್ಷ ಆ ಕಿವಿಗಳನ್ನು ಇಟ್ಟುಕೊಂಡೇ ಬದುಕಿದ್ದೆ. ಶಾಲೆಯಲ್ಲಿ ಮೇಷ್ಟ್ರು ಹಿಂಡಿದ್ದರು, ಅಮ್ಮ ಬೆಂಡೋಲೆ ತೊಡಿಸಿದ್ದಳು, ಮದುವೆಯ ದಿನ ಊರೆಲ್ಲ ನೋಡಿತ್ತು. ಯಾರೂ ಐಬು ಹೇಳಿರಲಿಲ್ಲ. ಈತ ಗಾಜಿನ ಮೇಜಿನ ಆಚೆ ಕೂತು, ನನ್ನ ಕಿವಿಯ ಕಡೆ ಒಮ್ಮೆಯೂ ನೋಡದೆ, "ಇಯರ್‌ಬಡ್ ಸರಿಯೇ ಉಂಟು ಅಕ್ಕ. ನಿಮ್ಮ ಕಿವಿ ಸಣ್ಣ" ಎಂದ.

"ಹಾಗಾದರೆ ಸಣ್ಣ ಕಿವಿಯದ್ದು ಕೊಡಿ."

"ಒಮ್ಮೆ ಕಿವಿಗೆ ಹಾಕಿದ್ದನ್ನು ವಾಪಸ್ ತೆಗೊಳ್ಳುದಿಲ್ಲ."

"ಕಿವಿಗೆ ಹಾಕದೆ ಅದು ನಿಲ್ತದೋ ಬೀಳ್ತದೋ ಅಂತ ಗೊತ್ತಾಗುದು ಹೇಗೆ?"

"ಅದು ಹೌದು" ಎಂದು ಆತ ತನ್ನ ಫೋನಿನ ಕಡೆ ತಿರುಗಿದ.

ಅದು ಹೌದಂತೆ. ನನಗೆ ಪಿತ್ತ ನೆತ್ತಿಗೇರಿತು. ಅದೇ ಸಾಲಿನ ಬಳೆ ಅಂಗಡಿಯವರು ನನ್ನ ಕೈಯನ್ನು ಒಮ್ಮೆ ಒತ್ತಿ ನೋಡಿ, ಕೇಳದೆಯೇ ಸರಿಯಾದ ಅಳತೆ ತೆಗೆದು ಕೊಡುತ್ತಾರೆ. ಚಪ್ಪಲಿ ಅಂಗಡಿಯಲ್ಲಿ ಹತ್ತು ಜೊತೆ ಮೆಟ್ಟಿ ನಡೆದು ನೋಡಬಹುದು. ಕಿವಿಯೊಳಗೆ ಕೂರಬೇಕಾದ ವಸ್ತುವಿಗೆ ಮಾತ್ರ ಅಳತೆಯೂ ಇಲ್ಲ, ನೋಡುವವರೂ ಇಲ್ಲ. ಸಾಲದ್ದಕ್ಕೆ ತಪ್ಪೆಲ್ಲ ಕಿವಿಯದ್ದು. ವೇಣೂರಿನವರೆಗೆ ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೇ ಕೂತಿದ್ದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಕೋಪವೇ ಎಂದು ಕೇಳುವವರು ನಮ್ಮ ಜಗಲಿಯಲ್ಲಿ ಒಂದು ವಾರ ಕೂತು ನೋಡಬೇಕು.

ನಮ್ಮ ಮನೆ ವೇಣೂರಿನಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಒಳಗೆ. ಜಗಲಿಯಲ್ಲಿ ಮೂವರು ಹೆಂಗಸರು ಬೀಡಿ ಕಟ್ಟುತ್ತೇವೆ. ಒಬ್ಬರು ನನ್ನ ಅತ್ತೆ. ಅವರನ್ನು ನಾನು ಮಾಮಿ ಎನ್ನುತ್ತೇನೆ. ಇನ್ನೊಬ್ಬರು ಗಂಡನ ಅಕ್ಕ. ಅವರ ಮನೆ ಪಕ್ಕದಲ್ಲೇ, ಆದರೂ ಬೆಳಗ್ಗೆ ಕೆಲಸ ಮುಗಿಸಿ ತಡ್ಪೆ ಹಿಡಿದುಕೊಂಡು ಬಂದುಬಿಡುತ್ತಾರೆ. ತಡ್ಪೆ ಎಂದರೆ ಮೊರ. ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಅದನ್ನು ಮಡಿಲಲ್ಲಿಟ್ಟು ತಲೆ ಬಗ್ಗಿಸಿದರೆ ಊಟಕ್ಕೆ ಏಳುವವರೆಗೆ ತಲೆ ಎತ್ತುವುದಿಲ್ಲ. ಎರಡೂ ಕೈಗೆ ಕೆಲಸ, ಬೆರಳಿಗೆಲ್ಲ ಪುಡಿ. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುವ ದಿನ ಹತ್ತಿರ ಬಂದರೆ ಮೂಗು ತುರಿಸಿದರೂ ಮೊಣಕೈಯಲ್ಲೇ ಉಜ್ಜಿಕೊಳ್ಳುವುದು.

ಗಂಡ ಕುವೈತ್‌ನಲ್ಲಿದ್ದಾರೆ. ಅವರಿಗೆ ಮಾತಾಡಲು ಸಿಗುವುದು ಕೆಲಸಕ್ಕೆ ಹೋಗಿ ಬರುವ ಬಸ್ಸಿನಲ್ಲಿ ಮಾತ್ರ, ಆದ್ದರಿಂದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದು ಬಂದ ಸದ್ದು ಕೇಳಿದರೆ ಸಾಕು, ಅಕ್ಕ "ಹಾಕು, ಹಾಕು" ಎನ್ನುತ್ತಾರೆ. ನಾನು ಮೊಣಕೈಯಿಂದಲೋ ಕಿರುಬೆರಳಿನಿಂದಲೋ ಒತ್ತಿ ಸ್ಪೀಕರಿಗೆ ಹಾಕಬೇಕು. ನನ್ನ ಮದುವೆಯಾದಂದಿನಿಂದ ಇದೇ ಕ್ರಮ. ಗಲ್ಫಿನಿಂದ ಬಂದ ಮಾತು ಮನೆಯ ಮಾತು, ಜಗಲಿಯಲ್ಲೇ ಕೇಳಬೇಕು. ನನ್ನ ಗಂಡನ ಸ್ವರವನ್ನು ನಾನು ಕೇಳುವಾಗ ಅಕ್ಕ ಕೇಳುತ್ತಾರೆ, ಮಾಮಿ ಕೇಳುತ್ತಾರೆ, ಎಲೆ ಕೇಳಲು ಬಂದ ಆಚೆಮನೆಯವರೂ ನಿಂತು ಕೇಳುತ್ತಾರೆ. ಉತ್ತರವನ್ನೂ ಅವರೇ ಕೊಡುತ್ತಾರೆ. ಕೊನೆಗೆ ನನ್ನ ಸರದಿ ಬಂದಾಗ "ಹೂಂ, ಎಲ್ಲ ಚೆನ್ನಾಗಿದ್ದೇವೆ" ಎನ್ನುವುದು ಬಿಟ್ಟರೆ ಏನು ಉಳಿದಿರುತ್ತದೆ?

ಫೋನ್ ಹಿಡಿದು ಒಳಗೆ ಹೋಗಬಹುದಲ್ಲ ಎಂದರೆ, ಹೋಗಿ ನೋಡಿದ್ದೇನೆ. ಮೊದಲನೆಯದಾಗಿ ಒಳಗೆ ರೇಂಜ್ ಇಲ್ಲ, ಜಗಲಿಯಲ್ಲಿ ಮಾತ್ರ ಉಂಟು. ಎರಡನೆಯದಾಗಿ, ತಿರುಗಿ ಬಂದು ತಡ್ಪೆ ಮಡಿಲಿಗಿಟ್ಟುಕೊಳ್ಳುವಷ್ಟರಲ್ಲಿ ಅಕ್ಕನ ಹುಬ್ಬು ಮೇಲೇರಿರುತ್ತದೆ. "ಎಂತ ಗುಟ್ಟು ಮಾರಾಯ್ತಿ?" ಎಂದು ಎರಡು ದಿನ ಕುಟುಕುತ್ತಾರೆ.

ಕಳೆದ ವರ್ಷ ಗಂಡನ ಅಗ್ರಿಮೆಂಟ್ ಮುಗಿಯುವುದರಲ್ಲಿತ್ತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ನಾನೊಂದು ಮೆಸೇಜ್ ಮಾತಾಡಿಟ್ಟು, ಜಗಲಿಗೆ ಬಂದು ರೇಂಜ್ ಸಿಕ್ಕಿದ ಮೇಲೆ ಕಳಿಸಿದ್ದೆ. ಇನ್ನೊಮ್ಮೆ ಸಹಿ ಹಾಕಬೇಡಿ, ಊರಿಗೇ ಬಂದುಬಿಡಿ, ಏನಾದರೂ ಮಾಡುವ ಎಂದು. ಯೋಚಿಸಿ ಹೇಳುತ್ತೇನೆ ಎಂದಿದ್ದರು. ಆ ಉತ್ತರ ಬೇರೆ ಯಾರ ಕಿವಿಗೂ ಬೀಳುವ ಮೊದಲು ನನ್ನ ಕಿವಿಗೆ ಬೀಳಬೇಕಿತ್ತು. ಹೌದೆಂದರೂ ಸರಿ, ಇಲ್ಲವೆಂದರೂ ಸರಿ, ಮೊದಲು ನನಗೆ. ಜಗಲಿಗೆ ಬಿದ್ದ ಮೇಲೆ ಅದು ಅಕ್ಕನ ವಿಷಯವಾಗುತ್ತದೆ, ಊರಿನ ವಿಷಯವಾಗುತ್ತದೆ, ನಾನು ಅಳಬೇಕೋ ನಗಬೇಕೋ ಎಂಬುದನ್ನೂ ಅವರೇ ತೀರ್ಮಾನಿಸುತ್ತಾರೆ. ಅದಕ್ಕಾಗಿ ಈ ಇಯರ್‌ಬಡ್.

ಮೊದಲ ಜೊತೆ ಅದಕ್ಕೂ ಹಿಂದೆ ಗಂಡ ರಜೆಗೆ ಬಂದಾಗ ಸೆಂಟು, ನೋವಿನ ಎಣ್ಣೆಗಳ ಜೊತೆ ತಂದದ್ದು. ಯಾವ ಪೈಲ್ವಾನನ ಕಿವಿ ನೋಡಿ ಮಾಡಿದ್ದೋ, ಒಳಗೆ ತುರುಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಎರಡನೆಯದು ಮೂಡುಬಿದಿರೆಯದ್ದು, ನೋವಿಲ್ಲ, ಆದರೆ ತಲೆ ಬಗ್ಗಿಸಿದ ಕೂಡಲೇ ಪಟ್ಟನೆ ತಡ್ಪೆಗೆ. ಬೆಳ್ತಂಗಡಿಯಲ್ಲಿ ವಯರಿನದ್ದು ತೆಗೆದುಕೊಂಡೆ. ಬಿದ್ದರೂ ನೇತಾಡಿಕೊಂಡಿರುತ್ತದೆ ಎಂದು ನನ್ನ ಲೆಕ್ಕಾಚಾರ. ವಯರು ಬೀಡಿಯ ನೂಲಿಗೆ ಸಿಕ್ಕಿ, ನೂಲು ಬಳೆಗೆ ಸಿಕ್ಕಿ, ಬಿಡಿಸಿಕೊಳ್ಳಲು ಹೋಗಿ ಇಡೀ ತಡ್ಪೆ ಮಗುಚಿತು. "ಕಿವಿಗೆ ಹಗ್ಗ ಕಟ್ಟಿಕೊಂಡು ಯಾರಾದರೂ ಬೀಡಿ ಕಟ್ತಾರಾ?" ಎಂದು ಅಕ್ಕ ಬಿದ್ದು ಬಿದ್ದು ನಕ್ಕರು. ನಗಲಿ. ಚೆಲ್ಲಿದ ಪುಡಿಯನ್ನು ನೆಲದಿಂದ ಬಳಿದು ಕಸ ಆರಿಸಿದವಳು ನಾನು.

ಕೊನೆಗೆ ಬಂಟ್ವಾಳ. ಸಂಬಂಧಿಕರ ಮನೆಯ ನಾಮಕರಣಕ್ಕೆ ಹೋದವಳು ಪೇಟೆಯಲ್ಲೊಂದು ಹಳೆಯ ಅಂಗಡಿಗೆ ಹೊಕ್ಕೆ. ಬಿಳಿ ಗಡ್ಡದ ಸಾಹೇಬರೊಬ್ಬರು ಕೂತಿದ್ದರು. ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದೆ. ಚೀಲದಿಂದ ಮೂಡುಬಿದಿರೆಯ ಇಯರ್‌ಬಡ್ ತೆಗೆದು ಮೇಜಿನ ಮೇಲೆ ಕುಕ್ಕಿ, "ನನ್ನ ಕಿವಿ ಸರಿ ಇಲ್ಲವಂತೆ" ಎಂದೆ.

ಅವರು ಕನ್ನಡಕ ಏರಿಸಿ ಕಿವಿ ನೋಡಿದರು. ನಿಜವಾಗಿ ನೋಡಿದರು.

"ಕಿವಿಗೆ ಎಂತ ಆಗಿದೆ? ಚೆಂದ ಉಂಟಲ್ಲ. ಇದಕ್ಕೆ ಹಾಕಿದ ರಬ್ಬರ್ ದೊಡ್ಡದು. ಸಣ್ಣದು ಪೆಟ್ಟಿಗೆಯಲ್ಲೇ ಬರ್ತದೆ, ಸಣ್ಣ ತೊಟ್ಟೆಯಲ್ಲಿ. ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಆ ಪುಟ್ಟ ಪ್ಲಾಸ್ಟಿಕ್ ಚೀಲ ನೆನಪಿತ್ತು. ಪೆಟ್ಟಿಗೆಯ ಜೊತೆ ಒಲೆಗೆ ಹಾಕಿದ್ದೆ. ಮೂಡುಬಿದಿರೆಯವನು ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಸಾಹೇಬರು ಡಬ್ಬಿಯೊಂದರಲ್ಲಿ ಹುಡುಕಿ ಒಂದು ಜೊತೆ ಸಣ್ಣ ರಬ್ಬರ್ ತೆಗೆದು ತಾವೇ ಸಿಕ್ಕಿಸಿ ಕೊಟ್ಟರು. ಕಿವಿಗಿಟ್ಟು ತಲೆ ಅಲ್ಲಾಡಿಸಿದೆ. ನಿಂತಿತು. "ಜಗಿಯುವಾಗ, ತಲೆ ಬಗ್ಗಿಸುವಾಗ ಸ್ವಲ್ಪ ಜಾರಬಹುದು" ಎಂದರು. ಆ ಮಾತನ್ನು ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಡಿ ಕಟ್ಟುವವಳು ತಲೆ ಎತ್ತಿ ಕೂರುವುದು ಯಾವಾಗ ಎಂದು ಅಲ್ಲಿಯೇ ಯೋಚಿಸಬೇಕಿತ್ತು.

ಮುಂದಿನ ವಾರ, ಬ್ರಾಂಚಿಗೆ ಹೋಗುವ ಹಿಂದಿನ ದಿನ, ಮಧ್ಯಾಹ್ನದ ಊಟ ಮುಗಿಸಿ ಮೂವರೂ ಕೂತಿದ್ದೆವು. ಬಲಗಿವಿಯಲ್ಲಿ ಒಂದು ಇಯರ್‌ಬಡ್, ಮೇಲೆ ಕೂದಲು. ಫೋನಿನ ಸದ್ದನ್ನು ಮೊದಲೇ ತೆಗೆದಿಟ್ಟಿದ್ದೆ. ಪರದೆ ಬೆಳಗಿತು. ಗಂಡನ ಮೆಸೇಜ್, ಎಂದಿಗಿಂತ ಉದ್ದ. ಕಿರುಬೆರಳಿನಿಂದ ಒತ್ತಿದೆ. ಬಸ್ಸಿನ ಗದ್ದಲ, ಒಂದು ಕೆಮ್ಮು, ನನ್ನ ಹೆಸರು. ಅಷ್ಟರಲ್ಲಿ ನೂಲು ತೆಗೆಯಲು ಬಗ್ಗಿದೆ. ಇಯರ್‌ಬಡ್ ಜಾರಿ ಹೊಗೆಸೊಪ್ಪಿನೊಳಗೆ ಹೂತುಹೋಯಿತು.

ಮಾತು ಮುಗಿದುಹೋಗುತ್ತದಲ್ಲ ಎಂಬ ಗಡಿಬಿಡಿ. ನಿಲ್ಲಿಸಲು ಹೋಗಿ ಪುಡಿಯ ಬೆರಳಿನಿಂದ ಎಂತದೋ ಒತ್ತಿದೆ. ಇಯರ್‌ಬಡ್‌ನ ಸಂಪರ್ಕ ತಪ್ಪಿ, ಗಂಡನ ಸ್ವರ ಫೋನಿನಿಂದಲೇ ಗಟ್ಟಿಯಾಗಿ ಜಗಲಿಗೆ ಬಂತು:

"ಇದು ನಿನಗೆ ಮಾತ್ರ. ಸ್ಪೀಕರಿಗೆ ಹಾಕಬೇಡ. ಅಮ್ಮನಿಗೆ ಈಗ ಹೇಳುದು ಬೇಡ—"

ಹೇಗೋ ನಿಲ್ಲಿಸಿದೆ. ಅಕ್ಕನ ಕೈಯ ಬೀಡಿ ಅರ್ಧಕ್ಕೇ ನಿಂತಿತ್ತು.

"ಅಮ್ಮನಿಗೆ ಹೇಳಬಾರದ್ದು ಎಂತ ಉಂಟು? ಹಾಕು, ನಾವೂ ಕೇಳ್ತೇವೆ."

"ಹಾಕುದಿಲ್ಲ" ಎಂದೆ.

"ಅವನು ನನ್ನ ತಮ್ಮ. ನಾನು ಎತ್ತಿ ಆಡಿಸಿದವಳು."

"ಆಡಿಸಿ ಅಕ್ಕ, ಯಾರು ಬೇಡ ಅಂದದ್ದು? ನಂಗೆ ಮದುವೆ ಆಗಿ ಎಂಟು ವರ್ಷ ಆಯ್ತು. ಎಂಟು ವರ್ಷದಲ್ಲಿ ಅವರ ಒಂದು ಮಾತು, ಒಂದೇ ಒಂದು ಮಾತು, ನಾನು ಮೊದಲು ಕೇಳಿದ್ದುಂಟಾ? ಅವರಿಗೆ ಜ್ವರ ಬಂದದ್ದು ನೀವು ಹೇಳಿ ನಂಗೆ ಗೊತ್ತು. ನಂಗೆ ಸೀರೆ ತೆಗೊಂಡದ್ದು ನೀವು ಹೇಳಿ ಗೊತ್ತು. ಇದು ನನ್ನ ಮಾತು. ಹಾಕುದಿಲ್ಲ ಅಂದರೆ ಹಾಕುದಿಲ್ಲ!"

ನನ್ನ ಸ್ವರ ಎಷ್ಟು ಏರಿತ್ತೆಂದರೆ ಅಂಗಳದ ಕೋಳಿಗಳು ಚದುರಿದವು. ಅತ್ತೆಯ ಎದುರು ಹಾಗೆ ಕೂಗಿದ್ದು ಅದೇ ಮೊದಲು. ಈಗ ಬೈಗುಳ ಬರುತ್ತದೆ ಎಂದು ಗೊತ್ತಿತ್ತು, ಬರಲಿ ಎಂದೇ ಕೂತೆ.

ಮಾಮಿ ತಮ್ಮ ತಡ್ಪೆಯನ್ನು ಬದಿಗಿಟ್ಟರು. ನನ್ನ ತಡ್ಪೆಗೆ ಕೈ ಹಾಕಿ ಹೊಗೆಸೊಪ್ಪನ್ನು ಕೆದಕಿದರು. ಇಯರ್‌ಬಡ್ ಸಿಕ್ಕಿತು. ಊದಿದರು, ಸೆರಗಿನಿಂದ ಒರೆಸಿದರು, ತಿರುಗಿಸಿ ನೋಡಿದರು. ರಬ್ಬರನ್ನು ಕಿತ್ತು ಮಡಿಲಿಗೆ ಹಾಕಿಕೊಂಡರು. ನೂಲಿನ ಉಂಡೆಯಿಂದ ಒಂದು ಮಾರು ನೂಲು ತೆಗೆದು ರಬ್ಬರ್ ಇದ್ದ ಸಣ್ಣ ಕುತ್ತಿಗೆಗೆ ಬಿಗಿಯಾಗಿ ಸುತ್ತತೊಡಗಿದರು. ಬೆರಳಿಗೆ ಸಡಿಲವಾದ ಉಂಗುರಕ್ಕೆ ನಮ್ಮಲ್ಲಿ ಹಾಗೆಯೇ ಬೀಡಿ ನೂಲು ಸುತ್ತುವುದು. ಸುತ್ತಿ, ಅದರ ಮೇಲೆ ರಬ್ಬರ್ ಒತ್ತಿ ಕೂರಿಸಿದರು. ಉಳಿದ ನೂಲಿನ ತುದಿಯನ್ನು ನನ್ನ ಬೆಂಡೋಲೆಗೆ ಕಟ್ಟಿದರು. ಗಂಟನ್ನು ಬೇಕಾದ್ದಕ್ಕಿಂತ ಜೋರಾಗಿ ಬಿಗಿದರು. ಕೋಪದಿಂದ ಎಂದು ನನಗೆ ಆಮೇಲೆ ತಿಳಿಯಿತು, ಆದರೆ ನನ್ನ ಮೇಲಿನ ಕೋಪವಲ್ಲ.

"ನಿನ್ನ ಅಪ್ಪ ಮುಂಬೈ ಹೋಟೆಲಿನಲ್ಲಿ ಇದ್ದಾಗ ನನಗೆ ಕಾಗದ ಬರೀತಿದ್ದರು" ಎಂದು ಅವರು ಮಗಳಿಗೆ ಹೇಳಿದರು. "ನಾನು ಆಗ ಬಂಟ್ವಾಳದಲ್ಲಿ ಅಪ್ಪನ ಮನೆಯಲ್ಲಿ, ನೀನು ಹೊಟ್ಟೆಯಲ್ಲಿ. ನನಗೆ ಓದ್ಲಿಕ್ಕೆ ಬರುದಿಲ್ಲ. ಪೋಸ್ಟ್‌ಮ್ಯಾನ್ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುದು, ಮನೆಯವರೆಲ್ಲ ಕೇಳುದು. ಒಂದು ಸಲ ಓದ್ತಾ ಓದ್ತಾ ಅವ ನಕ್ಕ. ಎರಡು ಸಾಲು ಬಿಟ್ಟ. ಎಂತ ಬರೆದಿದ್ದಾರೆ ಅಂತ ಕೇಳಿದೆ. 'ಅದೆಲ್ಲ ಹೇಳುವಂಥದ್ದಲ್ಲ ಅಕ್ಕ' ಅಂದ. ಎಲ್ಲರೂ ನಕ್ಕರು."

"ಕಾಗದ ಉಂಟಾ ಮಾಮಿ? ನಾನು ಓದ್ತೇನೆ" ಎಂದೆ.

"ಕಾಗದ ಎಲ್ಲಿ! ಟ್ರಂಕು ಸಮೇತ ನೆರೆಯಲ್ಲಿ ಕೊಚ್ಚಿಹೋಯ್ತು. ನಿನ್ನ ಮಾವ ರಜೆಯಲ್ಲಿ ಬಂದಾಗ ಕೇಳಿದೆ, ಅವರಿಗೆ ನೆನಪಿರಲಿಲ್ಲ." ನಂತರ ಮಗಳ ಕಡೆ ತಿರುಗಿ, "ನೀನು ನಿನ್ನ ಬೀಡಿ ಕಟ್ಟು" ಎಂದರು.

ಅಕ್ಕ ತಲೆ ಬಗ್ಗಿಸಿದರು.

ಆ ಪೋಸ್ಟ್‌ಮ್ಯಾನ್ ಈಗ ಬದುಕಿರಲಿಕ್ಕಿಲ್ಲ. ಇದ್ದಿದ್ದರೆ ಅವನ ಕೊರಳಪಟ್ಟಿ ಹಿಡಿದು, ಆ ಎರಡು ಸಾಲು ಹೇಳು, ಹೇಳದೆ ಬಿಡುವುದಿಲ್ಲ ಎನ್ನುತ್ತಿದ್ದೆ. ಮೂಡುಬಿದಿರೆಯವನ ಮೇಲಿನ ನನ್ನ ಕೋಪ ಅದರ ಮುಂದೆ ಏನೂ ಅಲ್ಲ.

ಇಯರ್‌ಬಡ್ ಕಿವಿಯಲ್ಲಿ ಗಟ್ಟಿಯಾಗಿ ಕೂತಿತು. ನೋವಿಲ್ಲ. ಬಗ್ಗಿದೆ, ಬೀಳಲಿಲ್ಲ. ಅದನ್ನು ಫೋನಿಗೆ ಮತ್ತೆ ಜೋಡಿಸಿ, ಮೆಸೇಜನ್ನು ಮೊದಲಿನಿಂದ ಹಾಕಿ, ಅವರಿಬ್ಬರ ನಡುವೆಯೇ ಕೂತು, ಬೀಡಿ ಕಟ್ಟುತ್ತಾ ಕೇಳಿದೆ.

ಗಂಡ ಇನ್ನೂ ಒಂದು ವರ್ಷಕ್ಕೆ ಸಹಿ ಹಾಕಿದ್ದರು. ಅಮ್ಮನಿಗೆ ತಾವೇ ಹೇಳಬೇಕೆಂದಿದ್ದರು. ಮರುದಿನ ಹೇಳಿದರು, ಅದು ಈಗ ಊರಿಗೆಲ್ಲ ಗೊತ್ತು. ಸಹಿಯ ಸುದ್ದಿ ಮುಗಿದ ಮೇಲೂ ಮೆಸೇಜ್ ಬಹಳ ಹೊತ್ತು ಇತ್ತು. ಅದರಲ್ಲಿ ಏನಿತ್ತೆಂದು ಇಲ್ಲಿಯೂ ಬರೆಯುವುದಿಲ್ಲ. ನನಗೆ ಅವರ ಮೇಲೆ ಬಂದ ಸಿಟ್ಟೂ, ಆ ಸಿಟ್ಟಿನ ನಡುವೆ ಬಂದ ನಗುವೂ ನನ್ನದೇ.

ಕಿವಿಯಿಂದ ತೆಗೆದಾಗ ನನ್ನ ಕಣ್ಣು ಒದ್ದೆಯಾಗಿದ್ದು ಮಾಮಿಗೆ ಕಂಡಿರಬೇಕು. ಮಗ ಏನು ಹೇಳಿದ ಎಂದು ಅವರು ಕೇಳಲಿಲ್ಲ.

"ಪೂರ್ತಿ ಕೇಳಿತಾ?" ಎಂದರು.

"ಕೇಳಿತು ಮಾಮಿ."

"ಎಲ್ಲ? ಎಂತದೂ ಬಿಟ್ಟುಹೋಗಲಿಲ್ಲ ಅಲ್ಲ?"