ಸಾಹೇಬರ ಹಿಂದೆ ಒಂದೇ ಸಾಲು

ಶ್ರದ್ಧಾಂಜಲಿ ಸಭೆಯಲ್ಲಿ ದೊಡ್ಡ ಅಧಿಕಾರಿಗಳು ಗಂಟಲು ಸರಿಮಾಡಿಕೊಂಡು, "ನಮ್ಮ ನಿವೃತ್ತ ರೇಂಜರ್ ಸಾಹೇಬರು ಸದಾ ಎಲ್ಲರಿಗಿಂತ ಮುಂದಿದ್ದವರು, ಸಂಸಾರವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದವರು" ಎಂದರು. ಸಾಹೇಬರ ಹೆಂಡತಿಗೆ ಅಂಥ ಹೊತ್ತಿನಲ್ಲೂ ನಗು ತಡೆಯಲಾಗಲಿಲ್ಲ. ಮುಂದಿದ್ದರು, ನಿಜ. ಎಷ್ಟು ಮುಂದೆ ಎಂಬುದು ಆಕೆಗಲ್ಲದೆ ಇನ್ನಾರಿಗೆ ಗೊತ್ತು?

ಅಭಯಾರಣ್ಯದಲ್ಲಿ ಒಂದು ನಿಯಮವಿತ್ತು. ರೇಂಜರ್ ಮುಂದೆ, ಮಿಕ್ಕವರು ಒಂದೇ ಸಾಲಿನಲ್ಲಿ ಹಿಂದೆ; ಆತ ಮುಷ್ಟಿ ಎತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲಬೇಕು. ಕಾಡಿಗೆ ಸರಿ. ಈ ಪುಣ್ಯಾತ್ಮರು ಅದನ್ನು ತರಕಾರಿ ಮಾರುಕಟ್ಟೆಗೂ ತಂದರು. ಸಾಹೇಬರು ಮುಂದೆ, ಹಿಂದೆ ಚೀಲ ಹೊತ್ತ ಹೆಂಡತಿ, ಆಕೆಯ ಹಿಂದೆ ಮಗಳು, ಕೊನೆಗೆ ಮಗ. ಇದ್ದಕ್ಕಿದ್ದಂತೆ ಮುಷ್ಟಿ ಮೇಲೇಳುತ್ತಿತ್ತು. ಇಡೀ ಸಂಸಾರ ಗಪ್‌ಚುಪ್. ಎದುರಿಗೆ ನೋಡಿದರೆ ಮಹಾ ಕ್ರೂರಮೃಗ: ಬದನೆಕಾಯಿ ಗಾಡಿಯ ಕೆಳಗೆ ಗೊರಕೆ ಹೊಡೆಯುತ್ತಿರುವ ನಾಯಿ. ಅಂಗಡಿಯವರು ಮುಸಿಮುಸಿ ನಗುತ್ತಿದ್ದರು. ಮಗಳಿಗೆ ಭೂಮಿ ಬಾಯಿಬಿಡಬಾರದೇ ಅನಿಸುತ್ತಿತ್ತು.

ಫೋಟೋ ಸ್ಟುಡಿಯೋದಲ್ಲೂ ಅದೇ ಕಥೆ. "ಸಾರ್, ಒಂಚೂರು ಹಿಂದೆ ಬನ್ನಿ, ಮೇಡಮ್ ಮುಖಾನೇ ಕಾಣಿಸ್ತಿಲ್ಲ" ಎಂದು ಫೋಟೋದವನು ಗೋಗರೆದ. ಸಾಹೇಬರು ಕದಲಲಿಲ್ಲ. ಗೋಡೆಯ ಮೇಲಿನ ಚಿತ್ರದಲ್ಲಿ ಇಂದಿಗೂ ಸಾಹೇಬರು ಪೂರ್ತಿ ಇದ್ದಾರೆ. ಹೆಂಡತಿಯ ಪಾಲಿಗೆ ಸಿಕ್ಕಿದ್ದು ಒಂದು ಕಿವಿ.

ಆಕೆ ಕೇಳಿದ್ದು ಬಂಗಾರವಲ್ಲ, ಬಂಗಲೆಯಲ್ಲ. ಒಂದೇ ಒಂದು ದಿನ ಗಂಡನ ಪಕ್ಕದಲ್ಲಿ ಮಾತಾಡಿಕೊಂಡು ಬೀದಿಯ ಕೊನೆಯವರೆಗೆ ನಡೆಯಬೇಕು, ಅಷ್ಟೆ. ಎದುರುಮನೆಯ ದರ್ಜಿ ದಂಪತಿ ಸಂಜೆ ಹಾಗೆ ಹೋಗುವುದನ್ನು ಕಿಟಕಿಯಿಂದ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

"ರೀ, ಪಕ್ಕಕ್ಕೆ ಬರ್ಲಾ?"

"ಎದುರಿಗೆ ಏನಾದ್ರೂ ಬಂದ್ರೆ? ಹಿಂದೆ ಬಾ, ಹಿಂದೆ."

ಎದುರಿಗೆ ಬರುತ್ತಿದ್ದದ್ದು ಹಾಲಿನವನ ಸೈಕಲ್ಲು.

ಕಾಲು ಸೋತು ಸಾಹೇಬರು ಗಾಲಿಕುರ್ಚಿ ಹಿಡಿದಾಗ, ಇನ್ನಾದರೂ ತನ್ನ ಕಾಲ ಬಂತು ಎಂದುಕೊಂಡಳು. ಬಂದದ್ದೇನು ಮಣ್ಣು? ತಳ್ಳುವವರು ಹಿಂದೆಯೇ ಇರಬೇಕಲ್ಲ!

ಒಂದು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಆಕೆಗೆ ರೇಗಿಹೋಯಿತು. ಕುರ್ಚಿ ನಿಲ್ಲಿಸಿ, ಸದ್ದಿಲ್ಲದೆ ಅದರ ಬಲಕ್ಕೆ ಬಂದು ನಿಂತಳು. ಸಾಹೇಬರು ಒಂದು ಗಳಿಗೆ ಕಾದರು. ಹಿಂದಿನಿಂದ ಹೆಜ್ಜೆಯ ಸದ್ದೇ ಇಲ್ಲ. ಕುರ್ಚಿಯ ಕೈ ಹಿಡಿದು ಎಡಕ್ಕೆ ಹೊರಳಿ, ಕಷ್ಟಪಟ್ಟು ಹಿಂದಕ್ಕೆ ನೋಡಿದರು. ಅವರು ಹಿಂತಿರುಗಿ ನೋಡಿದ್ದನ್ನು ಆಕೆ ಕಂಡದ್ದು ಅದೇ ಮೊದಲು. ಕಾರಿಡಾರು ಖಾಲಿ. ಕರಡಿಯ ಮುಂದೆಯೂ ಬಿಳಿಚಿಕೊಳ್ಳದ ಮುಖ ಬಿಳಿಚಿಹೋಯಿತು.

ಆಕೆಗೆ ಅಯ್ಯೋ ಅನಿಸಿತು. "ಇಲ್ಲೇ ಇದೀನಿ ರೀ."

ಸಾಹೇಬರು ಬೆಚ್ಚಿ ಇತ್ತ ತಿರುಗಿದರು. "ಯಾವಾಗ ಬಂದೆ?"

"ಮದುವೆ ಆದ ದಿನ."

ಇಂಥ ಕೊಂಕು ಮಾತನ್ನು ಅವರು ಕಿವಿಗೆ ಹಾಕಿಕೊಂಡವರೇ ಅಲ್ಲ. ಅಂದು ಮಾತ್ರ ಆಕೆಯ ಮಣಿಕಟ್ಟು ಬಿಗಿಯಾಗಿ ಹಿಡಿದರು. "ಎದುರಿಗೆ ಏನ್ ಬಂದ್ರೂ ನೋಡ್ಕೋತಿದ್ದೆ ಕಣೇ. ಹಿಂದೆ ನೀನಿಲ್ಲ ಅಂದ್ರೆ ಏನ್ ಮಾಡ್ಬೇಕು ಅಂತ ನಂಗೆ ಯಾರೂ ಕಲಿಸ್ಲಿಲ್ಲ."

ದಾರಿಗೆ ಅಡ್ಡ ನಿಂತಿದ್ದೀರಿ ಎಂದು ನರ್ಸ್ ಗದರಿಸಿದಳು. ಇಬ್ಬರೂ ಕದಲಲಿಲ್ಲ.