ಮಗಳ ಮಂಚಕ್ಕೆ ಲೋಕದ ಮೊಹರು

ಕಪನೂರಿನಲ್ಲಿ ನನ್ನ ಲೇಥ್ ಅಂಗಡಿಯ ಪಕ್ಕದಲ್ಲೇ ಇಮಾಮುದ್ದೀನನ ಕಾರ್ಖಾನೆ. ಪರದೇಶಕ್ಕೆ ಹೋಗುವ ಯಂತ್ರಗಳಿಗೆ ಕಟ್ಟಿಗೆಯ ಪೆಟ್ಟಿಗೆ ಮಾಡುವುದು ಅವನ ಕಸುಬು. ಒಂದು ದೇಶದ ಹುಳ ಕಟ್ಟಿಗೆಯೊಳಗೆ ಕೂತು ಹೋಗಿ ಇನ್ನೊಂದು ದೇಶದ ಗಿಡಮರ ತಿನ್ನಬಾರದೆಂದು ಲೋಕದ ಬಹುಪಾಲು ದೇಶಗಳು ಒಪ್ಪಂದ ಮಾಡಿಕೊಂಡಿವೆ. ಅದರಂತೆ ಕಟ್ಟಿಗೆಯನ್ನು ಭಟ್ಟಿಯಲ್ಲಿ ಕಾಯಿಸಿ, ಗೋಧಿ ತೆನೆಯ ಚಿತ್ರದ ಮೊಹರು ಒತ್ತಬೇಕು. ಹಾಗೆ ಒತ್ತಲು ಇವನಿಗೆ ಲೈಸೆನ್ಸ್ ಇದೆ.

ಲೈಸೆನ್ಸ್ ಬಂದಾಗಿನಿಂದ ಇವನ ಕಾಲು ನೆಲದ ಮೇಲಿಲ್ಲ. "ಎಲ್ಲಾ ದೇಶ ಕಚ್ಚಾಡಾಕತ್ತಾವ. ಹುಳದ ಮಾತು ಬಂದ್ರ ಮಾತ್ರ ಒಂದಾಗ್ಯಾವ ನೋಡು ಅಮರಣ್ಣ" ಎನ್ನುತ್ತಾನೆ. ಚಹಾದಂಗಡಿಗೆ ಹೋದರೆ ಮೊದಲು ಬೆಂಚು ಬಡಿದು, ಒಳಗೆ ಹುಳದ ಸದ್ದಿದೆಯೇ ಎಂದು ಕಿವಿಗೊಟ್ಟು ಕೇಳಿ, ಆಮೇಲೆ ಕೂರುತ್ತಾನೆ. ಒಮ್ಮೆ ನಮ್ಮ ದೇವರ ಮನೆಯ ಬಾಗಿಲಲ್ಲಿ ಸಣ್ಣ ತೂತು ಕಂಡು "ಇದು ಜರ್ಮನಿಯಾಗ ನಡೆಯಂಗಿಲ್ಲ" ಎಂದ. ನಮ್ಮ ದೇವರು ಎಲ್ಲಿಗೂ ಹೊರಟಿರಲಿಲ್ಲ. ನನ್ನ ಹೆಂಡತಿ ಶೀಲಾ ಆವತ್ತು ಅವನ ಚಹಾಕ್ಕೆ ಸಕ್ಕರೆ ಹಾಕಲಿಲ್ಲ.

ಇಂಥವನು ಮಗಳು ಸನೋಬರಳ ಮದುವೆಗೆ ಕೈಯಾರೆ ಸಾಗವಾನಿ ಮಂಚ ಮಾಡಿದ. ಕಮಲಾಪುರದ ಬೀಗರ ಮನೆಗೆ ಕಳಿಸುವ ಮುಂಚೆ ಅದನ್ನೂ ಕಾಯಿಸಿ, ತಲೆಕಡೆಯ ಹಲಗೆಗೆ ಮೊಹರು ಒತ್ತಿಬಿಟ್ಟ. ಪ್ರೀತಿ ತೋರಿಸಲು ಆ ಪುಣ್ಯಾತ್ಮನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ನಿಖಾದ ಊಟಕ್ಕೆ ಮೊಹರಿನ ತಪಾಸಣೆಯ ಅಧಿಕಾರಿ ಅಂಜನಾ ಮೇಡಂ ಬಂದಿದ್ದರು. ಮಾತಿಗೆ ಮಾತು ಬಂದು, ಯಾರೋ ಬಾಗಿಲ ಚೌಕಟ್ಟಿಗೆ ಮೊಹರು ಒತ್ತಿ ಲೈಸೆನ್ಸ್ ಕಳಕೊಂಡ ಸುದ್ದಿ ಹೇಳಿದರು. "ಮಾಲು ಕಟ್ಟೋ ಕಟ್ಟಿಗಿ ಬಿಟ್ಟು ಬ್ಯಾರೆ ಯಾವುದಕ್ಕೂ ಒತ್ತಂಗಿಲ್ರೀ. ಇರ್ಲಿ, ಮಂಚ ಭಾಳ ಚಂದ ಮಾಡೀರಂತ. ನಾಳಿ ಬೀಗರ ಮನಿ ವಲೀಮಾ ಊಟಕ್ಕ ಕಮಲಾಪುರಕ್ಕ ಬಂದಾಗ ನೋಡ್ತೀನಿ."

ಇಮಾಮುದ್ದೀನನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆಯೇ ನನ್ನ ಸ್ಕೂಟರ್ ಮೇಲೆ ಕಮಲಾಪುರಕ್ಕೆ ಹೊರಟೆವು. ಕಟ್ಟಿಗೆ ಹೆರೆಯುವ ರಂದಾ ಮಿಠಾಯಿ ಚೀಲದಲ್ಲಿತ್ತು. ಹೋಗಿ ನೋಡಿದರೆ ಬೀಗಿತ್ತಿ ಮೆಹಬೂಬಿ ಓಣಿಯ ಹೆಂಗಸರನ್ನೆಲ್ಲ ಮಂಚದ ಸುತ್ತ ಕೂಡಿಸಿಕೊಂಡಿದ್ದಾಳೆ!

"ನಮ್ಮ ಸೊಸಿ ಪಲಂಗಕ್ಕ ಸಾರೀ ದುನಿಯಾದ ಮೊಹರು ಬಿದ್ದದ. ಯಾರ ಮನ್ಯಾಗರ ಅದ ಏನು?"

ಇಮಾಮುದ್ದೀನ ಚೀಲದಿಂದ ರಂದಾ ತೆಗೆದ. "ಅದನ್ನ ಹೆರಿಬೇಕ್ರೀ."

"ಯಾಕ್ರೀ? ನಿನ್ನಿಯಿಂದ ಊರಿಗೆಲ್ಲಾ ತೋರ್ಸೀನಿ. ಈಗ ಹೆರೆದ್ರ ಮಂಚ ನಕಲಿ ಅಂತಾರ. ನಿಮ್ಮ ಮಗಳು ಈ ಮನ್ಯಾಗ ತಲಿ ಎತ್ತಿ ಹ್ಯಾಂಗ ತಿರಗ್ತಾಳ?"

ಹೆರೆದರೆ ಮಗಳ ಮಾನ, ಬಿಟ್ಟರೆ ಅನ್ನ ಕೊಡುವ ಕಾರ್ಖಾನೆ. ಎರಡರಲ್ಲಿ ಒಂದು ಹೋಗುವುದೇ.

"ಮಂಚ ಅಸಲೀನ ಅದರೀ. ತಪ್ಪು ನಂದು. ಮಗಳ ಖುಷಿಯಾಗ ಕಾಯಿದೆ ಮರ್ತೆ" ಎಂದವನೇ ಹಲಗೆಗೆ ರಂದಾ ಹಚ್ಚಿದ. ಅವಸರದಲ್ಲಿ ಒತ್ತಿ ಎಳೆದದ್ದಕ್ಕೆ ಹಲಗೆಯಲ್ಲಿ ತಗ್ಗು ಬಿತ್ತು. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು.

ಒಳಗಿನಿಂದ ಸನೋಬರ್ ಬಂದಳು. ಮೈತುಂಬ ಜರಿ, ಕೈತುಂಬ ಮೆಹಂದಿ. "ಅತ್ಲಾಗ ಸರೀರಿ ಅಬ್ಬಾ, ಹಲಗಿ ಕೆಡಸ್ತೀರಿ" ಎಂದು ರಂದಾ ಕಸಿದುಕೊಂಡು, ಓಢನಿಯನ್ನು ಸೊಂಟಕ್ಕೆ ಸಿಕ್ಕಿಸಿದಳು. ಅಪ್ಪನ ಕಾರ್ಖಾನೆಯಲ್ಲೇ ಆಡಿ ಬೆಳೆದವಳು, ಕಟ್ಟಿಗೆಯ ಎಳೆ ಯಾವ ಕಡೆಗಿದೆ ಎಂದು ಬೆರಳಾಡಿಸಿ ನೋಡಿ ಸರ್ರನೆ ಎಳೆದಳು. ಮೊಹರು ಈರುಳ್ಳಿ ಸಿಪ್ಪೆಯಂತೆ ಸುರುಳಿಯಾಗಿ ಕೆಳಗೆ ಬಿತ್ತು. ಇನ್ನೆರಡು ಸಲ ಎಳೆದಳು, ತಗ್ಗೂ ಹೋಯಿತು.

ಮೆಹಬೂಬಿ ಹಲಗೆಯ ಮೇಲೆ ಅಂಗೈ ಸವರಿದಳು. ಮತ್ತೊಮ್ಮೆ ಸವರಿದಳು. ಇಮಾಮುದ್ದೀನ ಕಣ್ಣು ಮುಚ್ಚಿಕೊಂಡಿದ್ದ.

"ಬೇಟಿ, ನಮ್ಮ ಅಡಗಿಮನಿ ಬಾಗಲಾ ನೆಲಕ್ಕ ತಾಕ್ತದ. ಬಡಗಿಗ ಹೇಳಿ ಹೇಳಿ ಸಾಕಾಗ್ಯದ. ಅದನ್ನಷ್ಟು ನೋಡ್ತೀ ಏನವ್ವಾ?" ಎಂದಳು ಮೆಹಬೂಬಿ.

ಅಂಜನಾ ಮೇಡಂ ಬಂದಾಗ ಹಿತ್ತಲಲ್ಲಿ ಬಾಗಿಲು ಅಡ್ಡ ಮಲಗಿತ್ತು, ಸನೋಬರ್ ಅದರ ಅಂಚು ಹೆರೆಯುತ್ತಿದ್ದಳು. ಮಂಚ ಎಲ್ಲಿ ಎಂದು ಅವರು ಕೇಳಿದರು. ಮೆಹಬೂಬಿ ಅವರ ಕೈ ಹಿಡಿದು, ಮಂಚದ ಕೋಣೆ ದಾಟಿಸಿ, ಸೀದಾ ಹಿತ್ತಲಿಗೆ ಕರೆದೊಯ್ದು ಸೊಸೆಯನ್ನು ತೋರಿಸಿದಳು.